ಫಾಗ್ ಲೈಟ್ ಬಚ್ಚಿಡದೆಯೇ ವಾರಂಟಿ ತಗೊಂಡೆ

ನನ್ನ ಬೈಕಿನ ಮೀಟರ್ ಕನ್ಸೋಲ್ ಕಳೆದ ಮಳೆಗಾಲದಲ್ಲಿ ವಾರಂಟಿಯಲ್ಲೇ ಬದಲಾಯಿತು. ಒಂದು ಪೈಸೆ ಕೊಡಲಿಲ್ಲ. ಹೊರಗಿನ ಫಾಗ್ ಲೈಟ್, ಹೊರಗಿನ ಕ್ರ್ಯಾಶ್ ಗಾರ್ಡ್, ಮೊಬೈಲ್ ಚಾರ್ಜರ್ ಮೂರೂ ಬೈಕಿನ ಮೇಲೆ ಇದ್ದ ಹಾಗೆಯೇ ಶೋರೂಮಿಗೆ ಹೋಗಿದ್ದೆ. ತೀರ್ಥಹಳ್ಳಿಯ ನಮ್ಮ ಗ್ಯಾರೇಜ್ ಬಳಗದಲ್ಲಿ ಇದನ್ನು ಯಾರೂ ನಂಬಿರಲಿಲ್ಲ. "ಹೊರಗಿನ ಸಾಮಾನು ಹಾಕಿದ ದಿನವೇ ವಾರಂಟಿ ಹೋಯ್ತು ಮಾರಾಯ" ಎಂದು ಎರಡು ವರ್ಷ ಹೇಳಿದವರು, ಈಗ "ಹೇಗೆ ಮಾಡಿದೆ?" ಎಂದು ಕೇಳುತ್ತಿದ್ದಾರೆ. ಹಾಗಾಗಿ ಬರೆಯುತ್ತಿದ್ದೇನೆ.

ಮೊದಲು ಕೈ ಸುಟ್ಟುಕೊಂಡ ಕಥೆ. 2018ರ ಹೊತ್ತಿಗೆ ನನ್ನ ಹಳೆಯ ಬೈಕಿಗೆ ಹೆಡ್‌ಲೈಟ್ ವೈರ್ ಸಿಪ್ಪೆ ಸುಲಿದು, ಟಿ ಜಾಯಿಂಟ್ ಹಾಕಿ, ಟೇಪ್ ಸುತ್ತಿ ಫಾಗ್ ಲೈಟ್ ಕೂರಿಸಿದ್ದೆ. ಆಗ ಎಲ್ಲರೂ ಹಾಗೆಯೇ ಮಾಡುತ್ತಿದ್ದೆವು, ಅಲ್ವಾ? ಒಂಬತ್ತು ತಿಂಗಳಿಗೆ ಬ್ಯಾಟರಿಗೆ ಹೋಗುವ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಹೋಯಿತು, ಜೊತೆಗೆ ಬ್ಯಾಟರಿಯನ್ನೂ ಕರೆದುಕೊಂಡು ಹೋಯಿತು. ಶೋರೂಮಿನ ಹುಡುಗ ಟೇಪ್ ಬಿಚ್ಚಿದ, ಒಳಗೆ ತಂತಿಗೆ ಹಸಿರು ಕಿಲುಬು ಹಿಡಿದಿತ್ತು. ಅಲ್ಲಿಗೆ ಮಾತು ಮುಗಿಯಿತು. ಬಿಲ್ಲು ಐದು ಸಾವಿರದ ಆಸುಪಾಸು. ಬೈದುಕೊಂಡು ಬಂದೆ, ಆದರೆ ಈಗ ಯೋಚಿಸಿದರೆ ಅವರದ್ದು ತಪ್ಪಿರಲಿಲ್ಲ.

ಎರಡನೆಯ ಸಲ ಜಾಣತನ ಮಾಡಿದೆ. ಸರ್ವೀಸಿಗೆ ಹೋಗುವ ಮುಂಚೆ ಎಲ್ಲಾ ಬಿಚ್ಚಿ ಮನೆಯಲ್ಲಿಟ್ಟು, ಏನೂ ಗೊತ್ತಿಲ್ಲದವನ ಹಾಗೆ ನಿಂತೆ. ಕ್ಲ್ಯಾಂಪ್ ಇದ್ದ ಕಡೆ ಬಣ್ಣ ಉಜ್ಜಿ ಹೋಗಿತ್ತು. ಫೋರ್ಕಿನ ಮೇಲೆ ಕೆಂಪು ಮಣ್ಣು ಕೂತ ಜಾಗ, ಕೂರದ ಜಾಗ ಗೆರೆ ಎಳೆದ ಹಾಗೆ ಕಾಣುತ್ತಿತ್ತು. ಶೋರೂಮಿನ ಸರ್ವೀಸ್ ಅಡ್ವೈಸರ್ ನಕ್ಕ. ಹೋದ ಸರ್ವೀಸಿನಲ್ಲಿ ಅವನೇ ತೆಗೆದ ಫೋಟೋ ಅವನ ಮೊಬೈಲಿನಲ್ಲೇ ಇತ್ತು. ಆ ದಿನ ಕ್ಲೇಮ್ ಜೊತೆ ಮಾನವೂ ಹೋಯಿತು. ಬಿಚ್ಚಿಟ್ಟು ಹೋಗುವುದನ್ನು ಅವತ್ತಿಗೇ ಬಿಟ್ಟೆ.

ಈಗಿನದು ಬಿಎಸ್6 (ಹೊಸ ಹೊಗೆ ನಿಯಮದ) ಬೈಕು, 2023ರಲ್ಲಿ ತಗೊಂಡಿದ್ದು. ಮೇಗರವಳ್ಳಿ ಕಡೆ ಮನೆ, ಆಗುಂಬೆ ಘಾಟಿಯಲ್ಲಿ ವಾರಕ್ಕೆ ಎರಡು ಸಲ ಓಡಾಟ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುವ ಊರಿನ ದಾರಿ ಅದು. ಆ ಮಂಜಿನಲ್ಲಿ ಕಂಪನಿ ಹೆಡ್‌ಲೈಟ್ ಹಾಕಿದರೆ ಎದುರಿಗೆ ಬಿಳಿ ಪಂಚೆ ಒಣಹಾಕಿದ ಹಾಗೆ ಕಾಣುತ್ತದೆ. ಫಾಗ್ ಲೈಟ್ ಇಲ್ಲದೆ ಆಗುವುದಿಲ್ಲ.

ಈ ಸಲ ಒಂದೇ ಒಂದು ಹಟ. ಕಂಪನಿ ವೈರಿಗೆ ಬ್ಲೇಡ್ ತಾಗಬಾರದು. 20 ವಾಟಿನ ಎಲ್‌ಇಡಿ ಎರಡು, ಹಳದಿ. ಕರೆಂಟು ನೇರ ಬ್ಯಾಟರಿಯಿಂದ, ಟರ್ಮಿನಲ್ ಪಕ್ಕದಲ್ಲೇ ನಮ್ಮದೇ ಫ್ಯೂಸ್, ಆಮೇಲೆ ರಿಲೇ, ಅಂದರೆ ಸಣ್ಣ ಸಿಗ್ನಲಿನಿಂದ ದೊಡ್ಡ ಕರೆಂಟು ಹಾಕಿ ಆರಿಸುವ ಸ್ವಿಚ್ಚು. ರಿಲೇಗೆ ಸಿಗ್ನಲ್ ಬೇಕಲ್ಲ, ಅದಕ್ಕೆ ಕಂಪನಿ ಕಪ್ಲರಿನ (ವೈರುಗಳನ್ನು ಸೇರಿಸುವ ಪ್ಲಗ್ಗಿನ) ನಡುವೆ ಕೂರುವ ಗಂಡು-ಹೆಣ್ಣು ಕಪ್ಲರ್ ನಾನೇ ಮಾಡಿಕೊಂಡೆ. ಎಳೆದರೆ ನಮ್ಮದು ಹೊರಗೆ ಬರುತ್ತದೆ, ಅವರದು ಅವರಿಗೇ ಸೇರುತ್ತದೆ. ಯಾವ ಕಪ್ಲರ್ ಅಂತ ಮಾತ್ರ ಕೇಳಬೇಡಿ. ಅದನ್ನು ಹುಡುಕುವುದರಲ್ಲಿ ಮೂರು ಫ್ಯೂಸ್, ಒಂದು ಭಾನುವಾರ, ಹೆಂಡತಿಯ ತಾಳ್ಮೆ ಎಲ್ಲಾ ಹೋಗಿದೆ. ಈಗ ಅದು ನನ್ನ ಅಂಗಡಿಯ ಅನ್ನ. ಕ್ರ್ಯಾಶ್ ಗಾರ್ಡ್ ಕೂಡ ಎಂಜಿನ್ ಮೌಂಟಿಂಗ್ ಬೋಲ್ಟಿಗೆ ಬರುವ ಜಾತಿಯದ್ದನ್ನು ಬಿಟ್ಟು ಫ್ರೇಮಿಗೆ ಹಿಡಿಯುವುದನ್ನೇ ಹುಡುಕಿ ತಂದೆ. ಲೈಟ್, ರಿಲೇ, ವೈರು ಸೇರಿ ಸುಮಾರು 3,200 ಆಯಿತು.

ನೀರಿನ ವಿಷಯದಲ್ಲಿ ಒಂದು ಹುಚ್ಚು ಪರೀಕ್ಷೆಯನ್ನೂ ಮಾಡಿದ್ದೆ. ಒಂದೇ ತರದ ಮೂರು ಕಪ್ಲರ್ ತಗೊಂಡು, ಒಂದಕ್ಕೆ ಬರೀ ಟೇಪ್, ಒಂದಕ್ಕೆ ಸೈಕಲ್ ಟ್ಯೂಬ್, ಒಂದಕ್ಕೆ ಒಳಗೆ ಡೈಎಲೆಕ್ಟ್ರಿಕ್ (ಕರೆಂಟು ಹರಿಸದ) ಗ್ರೀಸ್ ತುಂಬಿ ಕೊಟ್ಟಿಗೆಯ ಸೂರಿನ ನೀರು ಬೀಳುವ ಕಡೆ ನೇತುಹಾಕಿದೆ. ಆರಿದ್ರಾ ಮಳೆಯಲ್ಲಿ ಕಟ್ಟಿದ್ದನ್ನು ಆಶ್ಲೇಷಾ ಮಳೆಯಲ್ಲಿ ಇಳಿಸಿದೆ. ಅಮ್ಮನಿಗೆ ಇದು ಯಾವುದೋ ಮಾಟದ ಹಾಗೆ ಕಂಡು, ಎರಡು ಸಲ ಕಿತ್ತು ಎಸೆಯಲು ಹೋಗಿದ್ದರು. ಟೇಪಿನದ್ದು ಕಿಲುಬು ಹಿಡಿದಿತ್ತು, ಅದು ಗೊತ್ತಿದ್ದದ್ದೇ. ಆಶ್ಚರ್ಯ ಎಂದರೆ ಟ್ಯೂಬ್ ಸುತ್ತಿದ್ದು ಇನ್ನೂ ಕೆಟ್ಟಿತ್ತು. ಒಳಗೆ ಹೋದ ನೀರನ್ನು ಅದು ಹೊರಗೆ ಬಿಟ್ಟಿರಲಿಲ್ಲ. ಗ್ರೀಸಿನದ್ದು ಹೊಸದರ ಹಾಗೆ ಹೊಳೆಯುತ್ತಿತ್ತು. ಅಂದಿನಿಂದ ಗ್ರೀಸ್ ತುಂಬಿ, ವೈರನ್ನು ಸ್ವಲ್ಪ ಕೆಳಕ್ಕೆ ಜೋಲು ಬಿಟ್ಟು ಕಟ್ಟುತ್ತೇನೆ. ನೀರು ಕಪ್ಲರ್ ತಲುಪುವ ಮೊದಲೇ ಜೋಲಿನಿಂದ ತೊಟ್ಟಿಕ್ಕಿ ಹೋಗುತ್ತದೆ. ಇಲಿಗೆ ಮಾತ್ರ ಇನ್ನೂ ಮದ್ದು ಸಿಕ್ಕಿಲ್ಲ. ಅಡಿಕೆ ಮೂಟೆ ಇಡುವ ಶೆಡ್ಡಿನಲ್ಲಿ ಬೈಕ್ ನಿಲ್ಲಿಸಿ ಒಂದು ಸಲ ಹಿಂದಿನ ವೈರಿಂಗ್ ಕಡಿಸಿಕೊಂಡೆ. ಅದು ವಾರಂಟಿಗೆ ಬರುವುದಿಲ್ಲ, ಕೈಯಿಂದ ಸಾವಿರದಿನ್ನೂರು ಹೋಯಿತು.

ಇನ್ನು ಮುಖ್ಯ ಕೆಲಸ. ಅದಕ್ಕೆ ಸ್ಪ್ಯಾನರ್ ಬೇಡ, ಪೆನ್ನು ಸಾಕು. ಮೊದಲ ಫ್ರೀ ಸರ್ವೀಸಿಗೆ ಎಲ್ಲಾ ಹಾಕಿಕೊಂಡೇ ಹೋದೆ. "ಗ್ರಾಹಕರು ಫಾಗ್ ಲೈಟ್ ಹಾಕಿಸಿದ್ದಾರೆ, ಕಂಪನಿ ವೈರಿಂಗ್ ಕತ್ತರಿಸಿಲ್ಲ" ಎಂದು ಜಾಬ್ ಕಾರ್ಡಿನಲ್ಲಿ ಬರೆಯಿರಿ ಎಂದೆ. ಅಡ್ವೈಸರ್ ಅರ್ಧ ಗಂಟೆ ಮೀನಮೇಷ ಎಣಿಸಿದ. ಮಲ್ಟಿಮೀಟರ್ ಇಟ್ಟು ತೋರಿಸಿದೆ. ಲೈಟ್ ಉರಿಯುವಾಗಲೂ ಐಡಲಿನಲ್ಲಿ 13.5ರ ಹತ್ತಿರ, ಆಕ್ಸಿಲರೇಟರ್ ಕೊಟ್ಟರೆ 14.2 ವೋಲ್ಟ್. ಅಂದರೆ ಬ್ಯಾಟರಿ ಸರಿಯಾಗಿಯೇ ಚಾರ್ಜ್ ಆಗುತ್ತಿತ್ತು. ಅದನ್ನೂ ಬರೆಸಿದೆ. ಮುಂದಿನ ಪ್ರತಿ ಸರ್ವೀಸಿನಲ್ಲೂ ಇದೇ ಹಾಡು. ಅವನಿಗೆ ಬೇಜಾರಾಗಿ ಮೂರನೇ ಸಲ ನಾನು ಕೇಳುವ ಮೊದಲೇ ಬರೆದಿಟ್ಟಿದ್ದ.

ಕಳೆದ ಪುಷ್ಯ ಮಳೆಯಲ್ಲಿ ಕನ್ಸೋಲ್ ಒಳಗೆ ನೀರಹನಿ ಕಂಡಿತು. ಮಾರನೇ ದಿನ ಪೆಟ್ರೋಲ್ ಗೇಜ್ ಮಾಯ. ಮೂರನೇ ದಿನ ಇಡೀ ಮೀಟರ್ ಕತ್ತಲೆ. ಹೊಸದಕ್ಕೆ ಎಂಟೂವರೆ ಸಾವಿರದ ಮೇಲೆ ಎಂದರು. ಕೌಂಟರಿನಲ್ಲಿ ಹೊಸ ಅಡ್ವೈಸರ್ ಇದ್ದ. ಬೈಕ್ ನೋಡಿದವನೇ, "ಅಣ್ಣ, ಎಲೆಕ್ಟ್ರಿಕಲ್ ಮಾಡಿಫಿಕೇಶನ್ ಆಗಿದೆ, ಕ್ಲೇಮ್ ರಿಜೆಕ್ಟ್" ಎಂದ.

ಜಗಳ ಮಾಡಲಿಲ್ಲ. ಅಲ್ಲೇ ನೆಲದ ಮೇಲೆ ಕೂತು ಇಡೀ ಫಾಗ್ ಲೈಟ್ ಸೆಟ್ ಬಿಚ್ಚಿದೆ. ಇಪ್ಪತ್ತು, ಇಪ್ಪತ್ತೆರಡು ನಿಮಿಷ ಹಿಡಿದಿರಬೇಕು. ಎರಡು ಮೂರು ಮೆಕ್ಯಾನಿಕ್ ಹುಡುಗರು ಕೆಲಸ ಬಿಟ್ಟು ನೋಡುತ್ತಾ ನಿಂತರು. ಕಂಪನಿ ವೈರಿಂಗ್ ಕಾರ್ಖಾನೆಯಿಂದ ಬಂದ ಹಾಗೇ ಇತ್ತು, ಕನ್ಸೋಲ್ ಆಗಲೂ ಸತ್ತೇ ಇತ್ತು. "ಗಾಜಿನ ಒಳಗೆ ನೀರು ಬರಲು ನನ್ನ ಲೈಟ್ ಹೇಗೆ ಕಾರಣ ಅಂತ ಬರೆದುಕೊಡಿ, ಸಹಿ ಹಾಕಿ, ಸೀಲ್ ಒತ್ತಿ. ದುಡ್ಡು ಕಟ್ಟಿ ಹೋಗುತ್ತೇನೆ" ಎಂದೆ. ಹಳೆಯ ಜಾಬ್ ಕಾರ್ಡುಗಳನ್ನು ಮೇಜಿನ ಮೇಲೆ ಇಟ್ಟೆ. ಬಾಯಲ್ಲಿ ರಿಜೆಕ್ಟ್ ಅನ್ನುವುದು ಸುಲಭ, ಬರೆದುಕೊಡಲು ಯಾರಿಗೂ ಧೈರ್ಯ ಇಲ್ಲ. ಫೋಟೋ ತೆಗೆದು ಮೇಲಿನವರಿಗೆ ಕಳಿಸಿದರು. ಹದಿನೈದು ದಿನ ಓಡಿಸಿದರು. ಮೂರು ಸಲ ಶಿವಮೊಗ್ಗಕ್ಕೆ ಹೋಗಿ ಬಂದ ಪೆಟ್ರೋಲ್, ಅಂಗಡಿ ಬಾಗಿಲು ಹಾಕಿದ ನಷ್ಟ ಸೇರಿ ಎರಡು ಸಾವಿರ ಹಿಡಿಯಿರಿ. ಕೊನೆಗೆ ಪಾರ್ಟ್ ಬಂತು.

ನನ್ನ ವಾರಂಟಿ ಬುಕ್ಕಿನಲ್ಲಿ "ಹೊರಗಿನ ಭಾಗದಿಂದ ಆದ ಹಾನಿಗೆ" ವಾರಂಟಿ ಇಲ್ಲ ಎಂದಿತ್ತು. ಆ "ಇಂದ ಆದ" ಎನ್ನುವುದರ ಮೇಲೆಯೇ ನಾನು ನಿಂತದ್ದು. ಎಲ್ಲರ ಬುಕ್ಕೂ ಹೀಗಿರುವುದಿಲ್ಲ. ಕೆಲವದರಲ್ಲಿ ಎಲೆಕ್ಟ್ರಿಕಲ್ ಸಾಮಾನು ಸೇರಿಸಿದರೆ ವೈರಿಂಗ್ ವಾರಂಟಿಯೇ ಇಲ್ಲ ಎಂದು ನೇರ ಬರೆದಿರುತ್ತಾರೆ. ಲೈಟ್ ತರುವ ಮೊದಲು ಬುಕ್ ಓದಿ.

ನಮ್ಮ ಹುಡುಗರು ವಿಡಿಯೋ ನೋಡಿಕೊಂಡು ಬಂದು ಅಮೆರಿಕದ ಕಾನೂನು ಹೇಳುತ್ತಾರೆ. ಅಲ್ಲಿ ವಾರಂಟಿ ವಿಷಯದಲ್ಲಿ ಗ್ರಾಹಕರನ್ನು ಕಾಯುವ 1975ರ ಮ್ಯಾಗ್ನುಸನ್-ಮಾಸ್ ಕಾಯ್ದೆ ಇದೆ, ನಿಜ. ಅದನ್ನು ಶಿವಮೊಗ್ಗದ ಬಿ.ಎಚ್. ರಸ್ತೆಯಲ್ಲಿ ಹೇಳಿದರೆ ಟೀ ಕೂಡ ಸಿಗುವುದಿಲ್ಲ. ನಮ್ಮಲ್ಲಿ 2014ರಲ್ಲಿ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳ ಮೇಲೆ ಒಂದು ಆದೇಶ ಮಾಡಿತ್ತು. ಹೊರಗಿನ ಗ್ಯಾರೇಜಿಗೆ ಹೋದ ಮಾತ್ರಕ್ಕೆ ಇಡೀ ವಾರಂಟಿ ರದ್ದು ಮಾಡಬಾರದು, ಆ ರಿಪೇರಿಯಿಂದ ಕೆಟ್ಟಷ್ಟಕ್ಕೆ ಮಾತ್ರ ಇಲ್ಲ ಎನ್ನಬಹುದು ಅಂತ. ಅದು ಕಾರಿನ ವಿಷಯ, ಹಾಗಾಗಿ ಬಾಯಿ ಬಿಡಲಿಲ್ಲ. ಆದರೆ ಗ್ರಾಹಕರ ಸಹಾಯವಾಣಿ 1915 ಮೊಬೈಲಿನಲ್ಲಿ ಸೇವ್ ಮಾಡಿಟ್ಟಿದ್ದೆ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಅರ್ಜಿಯನ್ನೂ ಬರೆದು ಚೀಲದಲ್ಲಿ ಇಟ್ಟುಕೊಂಡಿದ್ದೆ. ಐದು ಲಕ್ಷದ ಒಳಗಿನ ವಸ್ತುವಿಗೆ ಅಲ್ಲಿ ಶುಲ್ಕವೂ ಇಲ್ಲ. ಅರ್ಜಿ ಹೊರಗೆ ತೆಗೆಯುವ ಪ್ರಸಂಗ ಬರಲಿಲ್ಲ.

ಸೈಲೆನ್ಸರ್ ವಿಷಯದಲ್ಲಿ ಮಾತ್ರ ಈ ದಾರಿ ನಡೆಯುವುದಿಲ್ಲ. ಹೊಸನಗರದ ಹುಡುಗನೊಬ್ಬ ಕಂಪನಿ ಸೈಲೆನ್ಸರ್ ತೆಗೆದು ಸದ್ದಿನದ್ದು ಹಾಕಿಸಿದ್ದ, ನನ್ನ ಅಂಗಡಿಯಲ್ಲಲ್ಲ. ಬಿಎಸ್6 ಬೈಕು, ಆಕ್ಸಿಜನ್ ಸೆನ್ಸರ್ ಗೊಂದಲಕ್ಕೆ ಬಿದ್ದು ಎಂಜಿನ್ ಲೈಟ್ ಹತ್ತಿಕೊಂಡಿತು. ಕ್ಲೇಮ್ ಕೇಳಲು ಹೋದ, ಬರಿಗೈಯಲ್ಲಿ ಬಂದ. ಅವನ ಪರವಾಗಿ ನನ್ನ ಹತ್ತಿರವೂ ಮಾತಿರಲಿಲ್ಲ. ಮೋಟಾರು ವಾಹನ ಕಾಯ್ದೆಯಲ್ಲಿ ಇಂಥ ಬದಲಾವಣೆಗೆ ಐದು ಸಾವಿರ ದಂಡ ಬೇರೆ ಇದೆ.

ಎಲ್ಲರಿಗಿಂತ ಜಾಸ್ತಿ ನಕ್ಕಿದ್ದ ಪಕ್ಕದ ಗ್ಯಾರೇಜಿನವನು ಹೋದ ವಾರ ತನ್ನ ಹೊಸ ಬೈಕ್ ತಂದು ನನ್ನ ಬಾಗಿಲಲ್ಲಿ ನಿಲ್ಲಿಸಿದ. ಲೈಟ್ ಅವನದ್ದೇ, ಕೂಲಿ 1,200 ತಗೊಂಡೆ. ಟ್ಯಾಂಕ್ ಎತ್ತಿ ಕಪ್ಲರ್ ಹಾಕುವ ಹೊತ್ತಿಗೆ ಮಾತ್ರ ಅವನನ್ನು ಟೀ ತರಲು ಕಳಿಸಿದೆ.