ಮಳೆಗಾಲದಲ್ಲಿ ಕಟ್ಟಿದ ಗಾಳದ ಕೋಲು

ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳ ಹಿಡಿಯುವವರಿಗೆ ಕೆಲಸವಿರುವುದಿಲ್ಲ. ಕಾವೇರಿ ಕೆಂಪಗೆ ತುಂಬಿ ಹರಿಯುತ್ತಿರುತ್ತದೆ. ಮಹಶೀರ್ ಮೀನು ಮೊಟ್ಟೆಯಿಡಲು ಹೊಳೆಯ ಮೇಲ್ಭಾಗಕ್ಕೆ ಏರುವ ಕಾಲವೂ ಅದೇ ಆದ್ದರಿಂದ ಆಗ ನೀರಿನ ತಂಟೆಗೆ ಹೋಗದಿರುವುದೇ ಸರಿ. ಆರು ವರ್ಷಗಳಿಂದ ಆ ತಿಂಗಳುಗಳನ್ನು ನಾನು ಮನೆಯಲ್ಲೇ ಗಾಳದ ಕೋಲು ಕಟ್ಟುವುದಕ್ಕೆ ಮೀಸಲಿಟ್ಟಿದ್ದೇನೆ.

ಈ ಕೆಲಸಕ್ಕೆ ನನ್ನನ್ನು ಹಚ್ಚಿದ್ದು ಒಂದು ಸಂಕಟ. ಅಂಗಡಿಯಿಂದ ತಂದಿದ್ದ ಕೋಲಿನ ಒಂದು ಗೈಡಿನಲ್ಲಿ, ಲೈನ್ (ಗಾಳದ ದಾರ) ಹಾದುಹೋಗುವ ಸೆರಾಮಿಕ್ ಉಂಗುರ ಕೂದಲೆಳೆಯಷ್ಟು ಸೀಳಿದ್ದುದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ದೊಡ್ಡ ಮೀನೊಂದು ಬಂಡೆಗಳ ಕಡೆಗೆ ಓಡಿದಾಗ ಲೈನ್ ಆ ಸೀಳಿಗೆ ಉಜ್ಜಿ ತುಂಡಾಯಿತು. ಮೀನು ಕೈತಪ್ಪಿದ್ದಕ್ಕಿಂತ, ಬಾಯಲ್ಲಿ ಕೊಕ್ಕೆಯನ್ನೂ ಹಿಂದೆ ಉದ್ದನೆಯ ಲೈನನ್ನೂ ಹೊತ್ತುಕೊಂಡು ಹೋಯಿತಲ್ಲ ಎಂಬುದು ಹಲವು ದಿನ ನನ್ನನ್ನು ಕಾಡಿತು. ಪ್ರತಿಯೊಂದು ಗೈಡನ್ನೂ ನನ್ನ ಕೈಯಿಂದಲೇ ಕಟ್ಟಿದರೆ ಅದರ ಸ್ಥಿತಿ ನನಗೆ ಗೊತ್ತಿರುತ್ತದೆ ಎಂದು ಆಗಲೇ ತೀರ್ಮಾನಿಸಿದೆ.

ನಮ್ಮ ಹೊಳೆಯ ಕೋಲಿಗೆ ಬಲ ಬೇಕು. ಆ ಬಲ ಬೇಕಾಗಿರುವುದು ಮೀನಿನ ಒಳಿತಿಗೇ. ಕಾವೇರಿಯ ಗೂನುಬೆನ್ನಿನ, ಕಿತ್ತಳೆ ರೆಕ್ಕೆಯ ಮಹಶೀರ್ ಟಾರ್ ರೆಮಾದೇವಿ ಎಂಬ ಪ್ರಭೇದವೆಂದು ವಿಜ್ಞಾನಿಗಳು ಖಚಿತಪಡಿಸಿದ್ದು 2018ರಲ್ಲಿ; ಅದೇ ವರ್ಷ ಅದು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಸಾಲಿಗೂ ಸೇರಿತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಕುಟುಂಬದವರೊಬ್ಬರು ಕಬಿನಿಯಲ್ಲಿ 120 ಪೌಂಡ್ ತೂಗುವ ಮಹಶೀರ್ ಹಿಡಿದ ದಾಖಲೆಯಿದೆ. ಅಂಥ ಮೀನುಗಳಿದ್ದ ಜಲಾನಯನದಲ್ಲಿ ಇಂದು ಉಳಿದಿರುವುದು ಅಲ್ಪ. ಕೊಡಗಿನ ವಾಲ್ನೂರಿನಂಥ ಕಡೆ ಅನುಮತಿ ಪಡೆದು, ಮುಳ್ಳಿಲ್ಲದ ಕೊಕ್ಕೆ ಕಟ್ಟಿ, ಹಿಡಿದ ಮೀನನ್ನು ಮತ್ತೆ ನೀರಿಗೆ ಬಿಡುವವರೂ ಒಂದು ಮಾತನ್ನು ನೆನಪಿಡಬೇಕು: ಮೆತ್ತನೆಯ ಕೋಲಿನಲ್ಲಿ ಬಹಳ ಹೊತ್ತು ಎಳೆದಾಡಿ ದಣಿಸಿದ ಮೀನು ಬಿಟ್ಟ ಮೇಲೂ ಬದುಕುತ್ತದೆಂಬ ಭರವಸೆಯಿಲ್ಲ. ಆದ್ದರಿಂದ ನಾನು ಆರಿಸುವುದು 9 ಅಡಿಯ, ಎರಡು ತುಂಡಿನ, ಕಾರ್ಬನ್ ಜೊತೆಗೆ ಗಾಜಿನ ನಾರನ್ನೂ ಸೇರಿಸಿದ ಗಟ್ಟಿ ಬ್ಲ್ಯಾಂಕ್, ಅಂದರೆ ಹಿಡಿಕೆ, ಗೈಡು ಯಾವುದನ್ನೂ ಇನ್ನೂ ಕಟ್ಟಿರದ ಬರಿಯ ಕೋಲು. ಬರಿಯ ಕಾರ್ಬನ್ ಹಗುರವೇನೋ ಹೌದು, ಆದರೆ ಬಂಡೆಗೆ ಒಮ್ಮೆ ತಾಗಿದರೆ ಅದು ಮುಂದೊಂದು ದಿನ ಆ ಜಾಗದಲ್ಲೇ ಮುರಿಯಬಹುದು.

ಬ್ಲ್ಯಾಂಕ್ ಕೈಗೆ ಬಂದ ಮೇಲೆ ಮೊದಲು ಅದರ ಬೆನ್ನನ್ನು ಹುಡುಕಬೇಕು. ನಾರಿನ ಹಾಳೆಯನ್ನು ಕಬ್ಬಿಣದ ಸರಳಿಗೆ ಸುತ್ತಿ ಬ್ಲ್ಯಾಂಕ್ ತಯಾರಿಸುವುದರಿಂದ ಒಂದು ಪಕ್ಕ ಕೊಂಚ ಗಡುಸಾಗಿ ಉಳಿಯುತ್ತದೆ. ಬುಡವನ್ನು ನುಣುಪಾದ ನೆಲದ ಮೇಲೆ ಊರಿ, ತುದಿಯನ್ನು ಎಡ ಅಂಗೈಯಲ್ಲಿ ಸಡಿಲವಾಗಿ ಹಿಡಿದು, ನಡುವನ್ನು ಬಲಗೈಯಿಂದ ಮೆಲ್ಲಗೆ ಒತ್ತಿದರೆ ಬ್ಲ್ಯಾಂಕ್ ತಾನಾಗಿಯೇ ಹೊರಳಿ ಒಂದು ಬದಿಗೆ ನೆಲೆ ನಿಲ್ಲುತ್ತದೆ. ಎರಡು ತುಂಡುಗಳನ್ನೂ ಬೇರೆ ಬೇರೆಯಾಗಿ ಹೀಗೆ ನೋಡಿ ಟೇಪಿನಿಂದ ಗುರುತು ಹಾಕುತ್ತೇನೆ.

ಹಿಡಿಕೆಯ ಮುಂಭಾಗಕ್ಕೆ ಅರ್ಧ ಅಂಗುಲ ದಪ್ಪದ ಕಾರ್ಕ್ ಬಿಲ್ಲೆಗಳನ್ನು ಅಂಟಿಸಿ ಉಜ್ಜುತ್ತೇನೆ. ಬುಡದ ಹಿಡಿಕೆ ಮಾತ್ರ ನಮ್ಮ ತೋಟದ ಕಾಫಿ ಮರದ್ದು. ಹಳೆಯ ರೊಬಸ್ಟಾ ಗಿಡವನ್ನು ಕಿತ್ತಾಗ ಸಿಗುವ ಕಾಂಡ ತೂಕವುಳ್ಳದ್ದು, ಒತ್ತಾದ ನಾರಿನದ್ದು. ಬುಡದಲ್ಲಿ ಅದರ ಭಾರ ಉದ್ದನೆಯ ತುದಿಯ ಭಾರವನ್ನು ಸರಿದೂಗಿಸುತ್ತದೆ. ಮೊದಲ ವರ್ಷ ನಾನು ಆತುರಪಟ್ಟು ಹಸಿ ಕಾಂಡವನ್ನು ಒಯ್ದಾಗ ಆಚಾರಿಯವರು ಉಗುರಿನಿಂದ ತೊಗಟೆ ಕೆರೆದು ನೋಡಿ, “ಅಣ್ಣ, ಇದಿನ್ನೂ ನೀರು ಕುಡಿದುಕೊಂಡಿದೆ, ಈಗ ಕಡೆದರೆ ಬಿರಿಯುತ್ತದೆ” ಎಂದರು. “ಪರವಾಗಿಲ್ಲ ಆಚಾರ್ರೇ, ಕಡೆದುಕೊಡಿ” ಎಂದೆ. ಜನವರಿಯ ಒಣ ಗಾಳಿಗೆ ಆ ಹಿಡಿಕೆ ಉದ್ದಕ್ಕೂ ಸೀಳಿಕೊಂಡಿತು. ಈಗ ಕಾಂಡದ ಎರಡೂ ತುದಿಗಳಿಗೆ ಮೇಣ ಬಳಿದು, ಒಲೆಯ ಮೇಲಿನ ಅಟ್ಟದಲ್ಲಿ ಎರಡು ಮಳೆಗಾಲ ಕಳೆಯುವವರೆಗೆ ಒಣಗಿಸಿ, ಆಮೇಲಷ್ಟೇ ಲೇತ್‌ಗೆ ಕೊಡುತ್ತೇನೆ.

ಗೈಡುಗಳ ನಡುವೆ ಎಷ್ಟು ಅಂತರವಿರಬೇಕೆಂದು ತೋರಿಸುವ ಪಟ್ಟಿಗಳು ಸಿಗುತ್ತವೆ. ಅವನ್ನು ಆರಂಭಕ್ಕೆ ಮಾತ್ರ ಬಳಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಒಂದೇ ಉದ್ದದ ಎರಡು ಬ್ಲ್ಯಾಂಕ್‌ಗಳು ಒಂದೇ ರೀತಿ ಬಾಗುವುದಿಲ್ಲ. ಒಂಬತ್ತು ಗೈಡುಗಳನ್ನು ಸೈಕಲ್ ಟ್ಯೂಬಿನಿಂದ ಕತ್ತರಿಸಿದ ಸಣ್ಣ ರಬ್ಬರ್ ಬಳೆಗಳಿಂದ ತಾತ್ಕಾಲಿಕವಾಗಿ ಕೂರಿಸಿ, ಹಿಡಿಕೆಯನ್ನು ಜಗಲಿಯ ಕಂಬಕ್ಕೆ ಓರೆಯಾಗಿ ಬಿಗಿದು, ಎಲ್ಲ ಗೈಡುಗಳ ಮೂಲಕ ಲೈನ್ ಹಾಯಿಸಿ, ತುದಿಯಿಂದ ಎರಡು ಕಿಲೋ ಅಕ್ಕಿಯ ಚೀಲವನ್ನು ತೂಗುಬಿಡುತ್ತೇನೆ. ಬಾಗಿದ ಕೋಲಿನಿಂದ ಲೈನ್ ಎಲ್ಲಿ ಹೆಚ್ಚು ದೂರ ಸರಿದು ಅಡ್ಡಹಾಯುತ್ತದೋ ಅಲ್ಲಿ ಭಾರ ಕೋಲಿನ ಉದ್ದಕ್ಕೂ ಸಮನಾಗಿ ಹಂಚಿಕೆಯಾಗುತ್ತಿಲ್ಲ ಎಂದು ಅರ್ಥ. ಆಗ ಗೈಡನ್ನು ಕಾಲಂಗುಲ, ಅರ್ಧ ಅಂಗುಲ ಸರಿಸಿ ಮತ್ತೆ ತೂಗುಬಿಡಬೇಕು. ಇದಕ್ಕೆ ಒಂದು ಇಡೀ ಮಧ್ಯಾಹ್ನ ಹಿಡಿದರೂ ಆ ಸಮಯ ವ್ಯರ್ಥವಲ್ಲ.

ಕಟ್ಟುವ ಮುನ್ನ ಪ್ರತಿ ಗೈಡಿನ ಪಾದದ (ಬ್ಲ್ಯಾಂಕಿನ ಮೇಲೆ ಕೂರುವ ಭಾಗದ) ತುದಿಯನ್ನು ಅರದಿಂದ ಉಜ್ಜಿ ತೆಳುವಾಗಿಸುತ್ತೇನೆ. ಇಲ್ಲದಿದ್ದರೆ ನೂಲು ಪಾದವನ್ನು ಏರುವಲ್ಲಿ ಸಂದು ಉಳಿಯುತ್ತದೆ, ಚೂಪಾದ ಅಂಚು ಬ್ಲ್ಯಾಂಕನ್ನೂ ಕೊರೆಯುತ್ತದೆ. ನೈಲಾನ್ ನೂಲು ಬಿಗಿಯಾಗಿ ಬರಲೆಂದು ಅದನ್ನು ಭಾರವಾದ ದಪ್ಪ ಪುಸ್ತಕದ ಹಾಳೆಗಳ ನಡುವಿನಿಂದ ಹಾಯಿಸುತ್ತೇನೆ. ಮೊದಲ ಐದಾರು ಸುತ್ತುಗಳು ನೂಲಿನ ತುದಿಯ ಮೇಲೆಯೇ ಹಾದು ಅದನ್ನು ಹಿಡಿದುಕೊಳ್ಳುತ್ತವೆ. ಆಮೇಲೆ ಎಡಗೈ ಬ್ಲ್ಯಾಂಕನ್ನು ನಿಧಾನವಾಗಿ ತಿರುಗಿಸುತ್ತಿದ್ದರೆ, ಬಲ ಹೆಬ್ಬೆರಳಿನ ಉಗುರು ಪ್ರತಿ ಎಳೆಯನ್ನೂ ಹಿಂದಿನದಕ್ಕೆ ಒತ್ತಿ ಕೂರಿಸುತ್ತದೆ. ಕೊನೆಗೆ ಏಳೆಂಟು ಸುತ್ತು ಉಳಿದಿರುವಾಗ ಬೇರೊಂದು ನೂಲಿನ ಕುಣಿಕೆಯನ್ನು ಒಳಗಿಟ್ಟು, ಅದರ ಮೇಲೆ ಸುತ್ತು ಮುಗಿಸಿ, ನೂಲಿನ ತುದಿಯನ್ನು ಕುಣಿಕೆಯಲ್ಲಿ ತೂರಿಸಿ ಎಳೆದರೆ ಗಂಟಿಲ್ಲದೆ ಕಟ್ಟು ಮುಗಿಯುತ್ತದೆ. ಎರಡು ತುಂಡು ಸೇರುವ ಬಾಯಿಗೂ ಹೀಗೆಯೇ ಗಟ್ಟಿಯಾಗಿ ಸುತ್ತಬೇಕು, ಏಕೆಂದರೆ ಭಾರ ಬಿದ್ದಾಗ ಮೊದಲು ಸೀಳುವುದು ಅಲ್ಲಿಯೇ.

ಕೊನೆಯಲ್ಲಿ ಉಳಿಯುವುದು ಎಪಾಕ್ಸಿ ಲೇಪನ. ಕಕ್ಕಡ ತಿಂಗಳ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಮಳೆಯ ತಿಂಗಳು) ಥಂಡಿಯೊಂದಿಗೆ ನಾನು ಹೆಣಗಿದ್ದು ಇಲ್ಲಿಯೇ. ಎರಡನೆಯ ವರ್ಷ ಕಿಟಕಿ ಪಕ್ಕದಲ್ಲಿ ಕುಳಿತು ಲೇಪಿಸಿದ ಕೋಲು ಬೆಳಗಾಗುವಷ್ಟರಲ್ಲಿ ಮಂಜು ಕವಿದಂತೆ ಬೆಳ್ಳಗಾಗಿ, ಮುಟ್ಟಿದರೆ ಜಿಡ್ಡುಜಿಡ್ಡಾಗಿತ್ತು. ಎಪಾಕ್ಸಿಯ ಗಟ್ಟಿಕಾರಕದಲ್ಲಿರುವ ಅಮೀನ್, ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಜೊತೆ ಸೇರಿದಾಗ ಮೇಲ್ಪದರ ಹೀಗಾಗುತ್ತದೆ. ಗಟ್ಟಿಯಾಗುವವರೆಗೆ ಕಾದು, ಬಿಸಿನೀರಿನ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ನುಣುಪು ಕಾಗದದಿಂದ ಉಜ್ಜಿ, ಇನ್ನೊಂದು ತೆಳು ಪದರ ಕೊಟ್ಟು ಆ ಕೋಲನ್ನು ಉಳಿಸಿಕೊಂಡೆ. ಅಂದಿನಿಂದ ಈ ಕೆಲಸ ಒಲೆ ಉರಿಯುವ ಕೋಣೆಯ ಪಕ್ಕದ ಸಣ್ಣ ಕೋಣೆಯಲ್ಲಿ, ಬಾಗಿಲು ಮುಚ್ಚಿ, ಹಳೆಯ ನೂರು ವ್ಯಾಟ್ ಬಲ್ಬು ಉರಿಸಿ, ಉಷ್ಣಮಾಪಕ 24 ಡಿಗ್ರಿ ಮುಟ್ಟಿದ ಮೇಲೆಯೇ ನಡೆಯುತ್ತದೆ. ಎರಡೂ ಭಾಗಗಳನ್ನು ಬೇರೆ ಬೇರೆ ಸಿರಿಂಜಿನಲ್ಲಿ ಸಮನಾಗಿ ಅಳೆಯುತ್ತೇನೆ. ಅಳತೆ ತಪ್ಪಿದರೆ ಎಷ್ಟು ದಿನವಾದರೂ ಲೇಪನ ಗಟ್ಟಿಯಾಗುವುದಿಲ್ಲ. ಗುಳ್ಳೆ ಏಳದಂತೆ ನಿಧಾನವಾಗಿ ಕಲಸಿ, ಅಲ್ಯೂಮಿನಿಯಂ ಹಾಳೆಯ ಮೇಲೆ ಸುರಿದರೆ ಉಳಿದ ಗುಳ್ಳೆಗಳೂ ಒಡೆಯುತ್ತವೆ. ಲೇಪಿಸಿದ ಮೇಲೆ ಕೋಲು ತಿರುಗುತ್ತಲೇ ಇರಬೇಕು, ಇಲ್ಲವಾದರೆ ಎಪಾಕ್ಸಿ ಕೆಳಬದಿಗೆ ಇಳಿದು ಜೋತುಬೀಳುತ್ತದೆ. ನನ್ನಲ್ಲಿ ನಿಧಾನವಾಗಿ ತಿರುಗುವ ಸಣ್ಣ ಮೋಟಾರ್ ಇದೆ, ಆದರೆ ಮಳೆಗಾಲದಲ್ಲಿ ವಿದ್ಯುತ್ ಹೋಗುವುದು ಸಾಮಾನ್ಯ. ಅಂಥ ಒಂದು ರಾತ್ರಿ ನಾನೂ ನನ್ನ ಮಗಳೂ ಸರದಿಯಲ್ಲಿ ಕುಳಿತು, ಟಾರ್ಚ್ ಬೆಳಕಿನಲ್ಲಿ, ಕೆಲವು ನಿಮಿಷಕ್ಕೊಮ್ಮೆ ಅರ್ಧ ಸುತ್ತಿನಂತೆ ಮೂರು ಗಂಟೆ ಕಾಲ ಕೋಲನ್ನು ತಿರುಗಿಸಿದೆವು. ಆ ಕೋಲಿನ ಲೇಪನ ಇಂದಿಗೂ ಗಾಜಿನಂತೆ ಸಮವಾಗಿದೆ.

ಮುಟ್ಟಲು ಒಂದು ದಿನ ಸಾಕಾದರೂ ಭಾರ ಹಾಕಲು ಒಂದು ವಾರ ಬಿಡುತ್ತೇನೆ. ಸೆಪ್ಟೆಂಬರ್ 3ರ ಕೈಲ್ ಮುಹೂರ್ತದ, ಅಂದರೆ ಕೊಡಗಿನ ಆಯುಧಪೂಜೆಯ ಹಬ್ಬದ, ಹೊತ್ತಿಗೆ ಕೋಲು ಸಿದ್ಧವಾಗಿರುತ್ತದೆ, ಅಂದು ಅದನ್ನೂ ಕೋವಿಯ ಪಕ್ಕದಲ್ಲಿ ಇಟ್ಟು ಹೂ ಏರಿಸುತ್ತೇವೆ. ನೀರು ತಿಳಿಯಾಗಿ ಹೊಳೆಗೆ ಇಳಿಯುವ ಮುನ್ನ ಹತ್ತಿಯ ಸಣ್ಣ ಉಂಡೆಯೊಂದನ್ನು ಪ್ರತಿ ಗೈಡಿನ ಉಂಗುರದ ಒಳಗೆ ಒಂದು ಸುತ್ತು ಆಡಿಸುತ್ತೇನೆ. ಕಣ್ಣಿಗೆ ಕಾಣದ ಸೀಳಿದ್ದರೂ ಹತ್ತಿಯ ಎಳೆ ಅಲ್ಲಿ ಸಿಕ್ಕಿಕೊಳ್ಳುತ್ತದೆ.