ಗಣಿ ಅಹವಾಲು ಸಭೆಗೆ ಬರಿಗೈಯಲ್ಲಿ ಹೋಗಬೇಡಿ

ಅದಿರು ಲಾರಿ ಓಡಾಡುವ ರಸ್ತೆಯ ಪಕ್ಕದ ಎಳೆ ಅಡಿಕೆ ಗಿಡದ ಗರಿಯನ್ನು ಬೇಸಿಗೆಯಲ್ಲೊಮ್ಮೆ ಬೆರಳಿಂದ ಒರೆಸಿ ನೋಡಿ. ಬೆರಳು ಕೆಂಪಾಗುತ್ತದೆ, ಒರೆಸಿದ ಕಡೆ ಮಾತ್ರ ಹಸಿರು ಗೆರೆ ಮೂಡುತ್ತದೆ. ಚಿತ್ರದುರ್ಗ ಜಿಲ್ಲೆಯ ಭೀಮಸಮುದ್ರ, ಹೊಳಲ್ಕೆರೆ ಕಡೆಯವರಿಗೆ ಇದು ಹೊಸದಲ್ಲ.

ವ್ಯಾಪಾರವನ್ನು ಅದರ ಪಾಡಿಗೆ ಬಿಡಿ, ಸರ್ಕಾರ ಕೈ ಹಾಕಬಾರದು ಎನ್ನುವ ವಾದ ಇದೆ. ಚಿತ್ರದುರ್ಗದ ಮಾರುಕಟ್ಟೆ ಅಪಿ, ರಾಶಿ, ಬೆಟ್ಟೆ, ಕೆಂಪುಗೋಟು ಎಂದು ದರ್ಜೆ ಮಾಡಿ ಅಡಿಕೆಗೆ ದಿನವೂ ದರ ಕಟ್ಟುತ್ತದೆ, ನಿಜ. ಮಾಲು ಕಳಪೆಯಾದರೆ ದರ ಇಳಿಸುತ್ತದೆ. ಆದರೆ ಕಳಪೆ ಮಾಡಿದವರಿಂದ ವಸೂಲು ಮಾಡುವುದಿಲ್ಲ. ಅದಿರಿನ ಟನ್ ದರದಲ್ಲಿ ಈ ಧೂಳಿನ ಲೆಕ್ಕ ಇಲ್ಲ. ಆ ಅದಿರು ಕರಗಿಸಲು ಉರಿಸುವ ಕಲ್ಲಿದ್ದಲಿನ ಹೊಗೆಯ ಲೆಕ್ಕವೂ ಇಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಜೊತೆ ಚಿತ್ರದುರ್ಗ, ತುಮಕೂರಿನ ಗಣಿಗಳನ್ನೂ ನಿಲ್ಲಿಸಿ, ಆಮೇಲೆ ವರ್ಷಕ್ಕೆ ಇಷ್ಟೇ ಅದಿರು ಎಂದು ಮಿತಿ ಹಾಕಬೇಕಾಯಿತು. ಮಾರುಕಟ್ಟೆ ತಾನಾಗಿ ನಿಲ್ಲಲಿಲ್ಲ.

ಆ ಲೆಕ್ಕವನ್ನು ರೈತನೇ ಕೇಳಬಹುದಾದ ಜಾಗ ಪರಿಸರ ಸಾರ್ವಜನಿಕ ಅಹವಾಲು ಸಭೆ, ಅಂದರೆ ಗಣಿಗೆ ಪರಿಸರ ಅನುಮತಿ ಕೊಡುವ ಮುಂಚೆ ಊರವರ ಮಾತು ಕೇಳುವ ಸಭೆ. 2006ರ ಪರಿಸರ ಪರಿಣಾಮ ಅಧಿಸೂಚನೆ ಕೊಟ್ಟ ಹಕ್ಕು ಇದು. ಎಲ್ಲ ಯೋಜನೆಗೂ ಸಭೆ ಇರುವುದಿಲ್ಲ, ಇದ್ದಾಗ ಬಿಡಬೇಡಿ.

ಮೊದಲು ಪತ್ರಿಕೆ ನೋಡಿ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಸಭೆಗೆ ಕನಿಷ್ಠ 30 ದಿನ ಮುಂಚೆ ಪತ್ರಿಕೆಗಳಲ್ಲಿ ಪ್ರಕಟಣೆ ಕೊಡಬೇಕು, ಅವುಗಳಲ್ಲೊಂದು ಕನ್ನಡ ಪತ್ರಿಕೆ ಆಗಿರಬೇಕು. ಮರುದಿನವೇ ಜಿಲ್ಲಾಧಿಕಾರಿ ಕಚೇರಿಗೋ ಜಿಲ್ಲಾ ಪಂಚಾಯಿತಿಗೋ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೋ ಹೋಗಿ, ಗಣಿಯಿಂದ ಪರಿಸರಕ್ಕೆ ಏನಾಗುತ್ತದೆ ಎಂದು ಹೇಳುವ ಕರಡು ವರದಿ ಕೇಳಿ. ಸಾರಾಂಶ ಕನ್ನಡದಲ್ಲಿ ಇರಲೇಬೇಕು.

ಓದುವುದೇ ದೊಡ್ಡ ಕೆಲಸ. ಇಡೀ ವರದಿ ಬೇಡ, ಮೂರು ಕಡೆ ಕಣ್ಣಿಡಿ. ಧೂಳು ಅಳೆದ ಜಾಗಗಳ ಪಟ್ಟಿಯಲ್ಲಿ ನಿಮ್ಮೂರು ಇದೆಯೇ, ಯಾವ ತಿಂಗಳಲ್ಲಿ ಅಳೆದಿದ್ದಾರೆ? ಪಿಎಂ10 ಎಂಬ ಸಣ್ಣ ಧೂಳಿಗೆ 24 ಗಂಟೆಯ ಮಿತಿ ಘನ ಮೀಟರಿಗೆ 100 ಮೈಕ್ರೋಗ್ರಾಂ. ಎರಡನೆಯದು ನೀರು: ದಿನಕ್ಕೆ ಎಷ್ಟು, ಬೋರಿನಿಂದಲೋ ಟ್ಯಾಂಕರಿನಿಂದಲೋ? ಮೂರನೆಯದನ್ನು ಹೆಚ್ಚಿನವರು ಕೇಳುವುದೇ ಇಲ್ಲ. ಗಣಿಯ ಮಣ್ಣಿನ ಗುಡ್ಡೆ ದೊಡ್ಡ ಮಳೆಗೆ ಕೊಚ್ಚಿ ಬಂದರೆ ಯಾವ ಹಳ್ಳಕ್ಕೆ, ಯಾವ ಕೆರೆಗೆ ಇಳಿಯುತ್ತದೆ? ವರದಿಯಲ್ಲಿ ಸರಾಸರಿ ಮಳೆ ಬರೆದಿದ್ದರೆ ಒಪ್ಪಬೇಡಿ. 1933ರಲ್ಲಿ ಕೋಡಿ ಬಿದ್ದಿದ್ದ ಚಿತ್ರದುರ್ಗ ಜಿಲ್ಲೆಯ ವಾಣಿವಿಲಾಸ ಸಾಗರ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಬರದ ಜಿಲ್ಲೆಯೆಂದು ಸರಾಸರಿ ನಂಬಿ ಕಟ್ಟಿದ ಚರಂಡಿ ಅಂಥ ವರ್ಷ ತಡೆಯುವುದಿಲ್ಲ.

ಆಕ್ಷೇಪಣೆಯನ್ನು ಬರೆದು ಸಭೆಗೆ ಮುಂಚೆಯೇ ಮಂಡಳಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. "ಹವಾಮಾನ ಕೆಟ್ಟಿದೆ" ಎಂದರೆ ಯಾರೂ ಉತ್ತರ ಕೊಡುವುದಿಲ್ಲ. ಸರ್ವೆ ನಂಬರು, ಬೋರಿನ ಆಳ, ಫೋಟೊ, ತಾರೀಖು ಹಾಕಿದರೆ ಕೊಡಲೇಬೇಕಾಗುತ್ತದೆ. ಹವಾಮಾನ ಬದಲಾವಣೆಯ ದುಷ್ಪರಿಣಾಮದಿಂದ ರಕ್ಷಣೆ ಪಡೆಯುವುದು ಹಕ್ಕು ಎಂದು 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದನ್ನೂ ಒಂದು ಸಾಲು ಸೇರಿಸಿ.

ಸಭೆಗೆ ಜಿಲ್ಲಾಧಿಕಾರಿ ಅಥವಾ ಅಪರ ಜಿಲ್ಲಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಅಧ್ಯಕ್ಷರು. ವಿಡಿಯೊ ಆಗುತ್ತದೆ. ನಾನು ಕೂತಿದ್ದ ಒಂದು ಸಭೆಯಲ್ಲಿ ಕೆಲಸ ಕೊಡ್ತೀವಿ, ರಸ್ತೆ ಮಾಡ್ತೀವಿ ಎಂಬ ಮಾತೇ ಗಂಟೆಗಟ್ಟಲೆ ನಡೆಯಿತು. ಆಗ ವಯಸ್ಸಾದ ಅಮ್ಮ ಒಬ್ಬರು ಪೇಪರಿನಲ್ಲಿ ಸುತ್ತಿ ತಂದಿದ್ದ ಅಡಿಕೆ ಹಿಂಗಾರವನ್ನು ಮೇಜಿನ ಮೇಲೆ ಕೊಡವಿದರು. ಬಿಳಿ ಮೇಜುಬಟ್ಟೆ ಮೇಲೆ ಕೆಂಪು ಪುಡಿ ಉದುರಿತು. "ಇದನ್ನ ಬರ್ಕಳ್ಳಿ ಸಾಹೇಬ್ರೆ" ಅಂದರು. ಬರೆದುಕೊಂಡರು. ನಾನು ಅಂದು ಕೇಳಿದ್ದರಲ್ಲಿ ಅದಕ್ಕಿಂತ ಗಟ್ಟಿ ವಾದ ಇರಲಿಲ್ಲ.

ಕೊನೆಯಲ್ಲಿ ನಡಾವಳಿಯನ್ನು ಕನ್ನಡದಲ್ಲಿ ಓದಿ ಹೇಳಬೇಕು. ಊಟಕ್ಕೆ ಏಳಬೇಡಿ. ನಿಮ್ಮ ಮಾತು ಬಿಟ್ಟಿದ್ದರೆ ಅಲ್ಲೇ ಸೇರಿಸಲು ಹೇಳಿ, ಸಹಿ ಆದ ಮೇಲೆ ಪ್ರತಿ ಕೇಳಿ.

ಅನುಮತಿ ಸಿಕ್ಕಿಬಿಟ್ಟರೆ? ಪ್ರಶ್ನಿಸಲು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಹಾಕದಿದ್ದರೂ ಅನುಮತಿ ಪತ್ರದ ಷರತ್ತುಗಳ ಪ್ರತಿ ಪಂಚಾಯಿತಿಯಲ್ಲಿ ಇರಲಿ. ಷರತ್ತು ಪಾಲನೆಯ ವರದಿಯನ್ನು ಕಂಪನಿ ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಸಲ್ಲಿಸಬೇಕು, ಅದು ಸಾರ್ವಜನಿಕ ದಾಖಲೆ. ಲಾರಿಗೆ ಟಾರ್ಪಾಲು ಹೊದಿಸುತ್ತೇವೆ, ರಸ್ತೆಗೆ ನೀರು ಹೊಡೆಯುತ್ತೇವೆ ಎಂದು ಅದರಲ್ಲಿ ಬರೆದಿದ್ದರೆ, ಅದನ್ನು ಕೈಯಲ್ಲಿ ಹಿಡಿದು ರಸ್ತೆ ಬದಿ ನಿಂತು ನೋಡಿ.