ಮಾರ್ಚ್ ತಿಂಗಳ ಟಿಟ್ಟಿಭ

ನಮ್ಮ ಆಫೀಸಿನ ಅಕೌಂಟ್ಸ್‌ನವರು ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದರು. ಅವರನ್ನು ಎಲ್ಲರ ಮುಂದೆ ಗೂಬೆ ಅಂದಿದ್ದು ನಾನಲ್ಲ, ಹೊರಗಿನಿಂದ ಬಂದಿದ್ದ ಟ್ರೇನರ್. ಆದರೆ ಆ ಟ್ರೇನರ್‌ನ ಕರೆಸಿದ್ದು ನಾನೇ.

ಅದೊಂದು ಹಕ್ಕಿಗಳ ಪರ್ಸನಾಲಿಟಿ ಟೆಸ್ಟ್. ಇಪ್ಪತ್ತು ನಿಮಿಷ ಪ್ರಶ್ನೆಗಳಿಗೆ ಟಿಕ್ ಹಾಕಬೇಕು, ಕೊನೆಗೆ ನಿಮಗೊಂದು ಹಕ್ಕಿ ಸಿಗುತ್ತದೆ. ಇರುವುದು ನಾಲ್ಕೇ: ಪಾರಿವಾಳ, ಗೂಬೆ, ನವಿಲು, ಹದ್ದು. ಇಂಗ್ಲಿಷಿನ ಮೊದಲಕ್ಷರ ಸೇರಿಸಿ ಇದಕ್ಕೆ ಡೋಪ್ ಟೆಸ್ಟ್ ಅನ್ನುತ್ತಾರೆ. ಪಾರಿವಾಳ ಅಂದರೆ ಸಮಾಧಾನಿ. ಗೂಬೆ ಅಂದರೆ ಲೆಕ್ಕಾಚಾರದ ಬುದ್ಧಿವಂತ. ನವಿಲು ಮಾತುಗಾರ. ಹದ್ದು ಮುಂದಾಳು.

ಪಶ್ಚಿಮದವರಿಗೆ ಗೂಬೆ ಸರಿ. ಗ್ರೀಕರ ಅಥೀನಾ ದೇವಿಯ ಕಾಲದಿಂದ ಅದು ಜಾಣತನದ ಗುರುತು. ನಮ್ಮಲ್ಲಿ? ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟಿದರೆ ಗೂಬೆ ಕೂರಿಸಿದರು ಅನ್ನುತ್ತೇವೆ. ಮನೆ ಮೇಲೆ ಗೂಬೆ ಕೂತರೆ ಶಾಂತಿ ಮಾಡಿಸುವವರು ಇನ್ನೂ ಇದ್ದಾರೆ. "ಇಷ್ಟು ವರ್ಷ ಸರ್ವಿಸ್ ಮಾಡಿ ಇದನ್ನ ಕೇಳಬೇಕಾಯ್ತಲ್ಲ ಮೇಡಂ" ಅಂತ ಅಕೌಂಟ್ಸ್‌ನವರು ಎದ್ದು ಹೋದರು. ಹದ್ದು ಸಿಕ್ಕಿದ ಮ್ಯಾನೇಜರಿಗೂ ಖುಷಿಯಿರಲಿಲ್ಲ. "ಗರುಡ ಅಂತ ಬರೀಬಹುದಿತ್ತಲ್ವಾ?" ಅಂದರು. ಮೀನು ಮಾರ್ಕೆಟ್ಟಿನಲ್ಲಿ ಹದ್ದು ಏನು ಮಾಡುತ್ತದೆ ಎಂದು ಅವರಿಗೂ ಗೊತ್ತು.

ನನಗೆ ಇನ್ನೊಂದು ಕಾರಣಕ್ಕೆ ಕಿರಿಕಿರಿಯಾಗಿತ್ತು. ಆಫೀಸಿನಲ್ಲಿ ನಾನು ಎಚ್‌ಆರ್ ಮತ್ತು ಟ್ರೇನಿಂಗ್ ನೋಡಿಕೊಳ್ಳುತ್ತೇನೆ. ಭಾನುವಾರ ಬೆಳಿಗ್ಗೆ ಬೈನಾಕ್ಯುಲರ್ ಹಿಡಿದು ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಇರುತ್ತೇನೆ. ಹನ್ನೆರಡು ವರ್ಷದಿಂದ ಇದೇ ಚಾಳಿ. ನವಿಲನ್ನು ನೋಡಿದ ಯಾರಾದರೂ ಅದನ್ನು ಸಭೆಯ ಮಾತುಗಾರ ಅನ್ನುತ್ತಾರಾ? ಹೆಜ್ಜೆ ಸಪ್ಪಳ ಕೇಳಿದರೆ ಪೊದೆಗೆ ನುಗ್ಗುವ ಹಕ್ಕಿ ಅದು. ಗಂಡು ಗರಿ ಕೆದರಿ ಕುಣಿಯುವುದು ವರ್ಷದಲ್ಲಿ ಕೆಲವೇ ತಿಂಗಳು. ಮಳೆಗಾಲ ಮುಗಿಯುವಷ್ಟರಲ್ಲಿ ಆ ಉದ್ದ ಗರಿಗಳೂ ಉದುರಿರುತ್ತವೆ. ಇನ್ನು ಬೆಳವ, ಪಾರಿವಾಳಗಳ ಶಾಂತಿ! ಗೂಡಿನ ಜಾಗಕ್ಕಾಗಿ ಎರಡು ಗಂಡುಗಳು ರೆಕ್ಕೆಯಲ್ಲಿ ಬಾರಿಸಿಕೊಳ್ಳುವುದನ್ನು ನಮ್ಮ ಕಿಟಕಿಯಲ್ಲೇ ನೋಡಿದ್ದೇನೆ.

ಸರಿ, ನಾನೇ ಮಾಡಿ ನೋಡೋಣ ಅಂತ ಕೂತೆ. ಮೊದಲು ನನ್ನ ಮೇಲೇ.

ಮೂರು ಬಗೆಯ ಟೆಸ್ಟ್ ತೆಗೆದುಕೊಂಡೆ. ಒಂದು ಈ ನಾಲ್ಕು ಹಕ್ಕಿಯದು. ಎರಡನೆಯದು ನಾಲ್ಕು ಅಕ್ಷರಗಳ, 16 ಬಗೆಯ ಜನರ ಲೆಕ್ಕದ್ದು. ಸ್ವಿಟ್ಜರ್ಲೆಂಡಿನ ಮನಃಶಾಸ್ತ್ರಜ್ಞ ಕಾರ್ಲ್ ಯೂಂಗ್ 1921ರಲ್ಲಿ ಬರೆದ ವಿಚಾರಗಳನ್ನು ಹಿಡಿದುಕೊಂಡು ಅಮೆರಿಕದ ಕ್ಯಾಥರೀನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಬೆಲ್ ಮೈಯರ್ಸ್ ಕಟ್ಟಿದ ಪದ್ಧತಿ ಇದು. ಮೂರನೆಯದು ಮನಃಶಾಸ್ತ್ರದವರು ಜಾಸ್ತಿ ಬಳಸುವ ಐದು ಗುಣಗಳ ಟೆಸ್ಟ್, ಬಿಗ್ ಫೈವ್. ಇದರ 50 ಪ್ರಶ್ನೆಗಳ ಒಂದು ಪಟ್ಟಿ ಐಪಿಐಪಿ ಹೆಸರಿನಲ್ಲಿ ಉಚಿತವಾಗಿ ಸಿಗುತ್ತದೆ, ಯಾರ ಅನುಮತಿಯೂ ಬೇಡ. ಒಂದೊಂದು ಗುಣಕ್ಕೆ ಹತ್ತು ಪ್ರಶ್ನೆ, ಒಂದೊಂದಕ್ಕೆ 1ರಿಂದ 5 ಅಂಕ. ಅಂದರೆ ಗುಣವೊಂದಕ್ಕೆ ಕಡಿಮೆ ಅಂದರೆ 10, ಜಾಸ್ತಿ ಅಂದರೆ 50. ಕೆಲವು ಪ್ರಶ್ನೆಗಳು ತಿರುವುಮುರುವು ಇರುತ್ತವೆ. "ನಾನು ಜಾಸ್ತಿ ಮಾತಾಡಲ್ಲ" ಅನ್ನುವುದಕ್ಕೆ 5 ಹಾಕಿದರೆ ಬೆರೆಯುವ ಗುಣದ ಲೆಕ್ಕದಲ್ಲಿ ಅದು 1 ಆಗಬೇಕು. ಮೊದಲ ಸಲ ನಾನಿದನ್ನು ಮರೆತು ಕೂಡಿಸಿ, ಅಬ್ಬಾ ಎಷ್ಟು ಸಮತೋಲನದ ಮನುಷ್ಯಳು ನಾನು ಅಂದುಕೊಂಡಿದ್ದೆ.

ಆರು ವಾರ ಬಿಟ್ಟು ಮೂರನ್ನೂ ಮತ್ತೆ ಮಾಡಿದೆ. ಹಳೆಯ ಹಾಳೆ ನೋಡಲಿಲ್ಲ.

16 ಬಗೆಯದರಲ್ಲಿ ಮೊದಲ ಸಲ ನಾನು ಐಎಸ್‌ಎಫ್‌ಜೆ, ಎರಡನೇ ಸಲ ಇಎಸ್‌ಎಫ್‌ಜೆ. ಒಂದೇ ಅಕ್ಷರ ಬದಲಾಗಿದ್ದು, ಒಳಮುಖಿಯ ಐ ಹೋಗಿ ಹೊರಮುಖಿಯ ಇ ಬಂತು. ಆದರೆ ಆ ಒಂದು ಅಕ್ಷರಕ್ಕೆ ವಿವರಣೆಯ ಪುಟವೇ ಬೇರೆ, ಒಪ್ಪುವ ಕೆಲಸಗಳ ಪಟ್ಟಿಯೇ ಬೇರೆ! ಅದೇ ಐದು ಗುಣದ ಹಾಳೆಯಲ್ಲಿ, ಜನರ ಜೊತೆ ಬೆರೆಯುವ ಗುಣ ಮೊದಲು 29 ಇತ್ತು, ಆಮೇಲೆ 32. ಅಂದರೆ ನಾನು ಬದಲಾಗಿರಲಿಲ್ಲ. ನಡುವಿನಲ್ಲಿ ಒಂದು ಗೆರೆ ಎಳೆದಿದ್ದಾರೆ, ನಾನು ಅದರ ಪಕ್ಕದಲ್ಲೇ ನಿಂತಿದ್ದೇನೆ, ಅಷ್ಟೇ. ಈ ಗುಣಗಳಲ್ಲಿ ಹೆಚ್ಚಿನವರು ನಡುವಿನ ಜಾಗದಲ್ಲೇ ಇರುತ್ತಾರೆ. ಹಾಗಾಗಿ ಅಕ್ಷರ ಆಚೆ ಈಚೆ ಹಾರುವುದು ನನ್ನೊಬ್ಬಳ ಕತೆಯಲ್ಲ.

ಹಕ್ಕಿ ಟೆಸ್ಟಿನಲ್ಲಿ ಇನ್ನೂ ಮಜಾ. ಟ್ರೇನರ್ ಬಂದ ದಿನ ನಾನು ಪಾರಿವಾಳ. ಮನೆಯಲ್ಲಿ ಕೂತು ಮಾಡಿದಾಗ ಗೂಬೆ. ಮಗಳು ಹಾಳೆ ಕಸಿದುಕೊಂಡು "ಅಮ್ಮನ ಬಗ್ಗೆ ನಾನು ತುಂಬ್ತೀನಿ" ಅಂದಳು. ಅವಳ ಲೆಕ್ಕದಲ್ಲಿ ನಾನು ಹದ್ದು.

ನನಗೆ ದಾರಿ ತೋರಿಸಿದ್ದು ಈ ಹದ್ದೇ. ಮೊದಲ ಸಲ ನಾನು ಆಫೀಸನ್ನು ಮನಸ್ಸಿನಲ್ಲಿಟ್ಟು ಉತ್ತರಿಸಿದ್ದೆ. ಎರಡನೇ ಸಲ ತಿಂಗಳ ಖರ್ಚಿನ ಪುಸ್ತಕ ಎದುರಿಗಿತ್ತು. ಮಗಳ ಕಣ್ಣ ಮುಂದೆ ಪರೀಕ್ಷೆ ಹೊತ್ತಿನ ಅಮ್ಮ ಇದ್ದಳು. ಮೂರೂ ಸುಳ್ಳಲ್ಲ. ಒಂದೇ ಹಕ್ಕಿ ಮೂರು ಋತುವಿನಲ್ಲಿ ಮೂರು ಥರ ಇರುತ್ತದೆ ಎಂದು ಕೆರೆ ಏರಿ ಮೇಲೆ ನೋಟ್ ಬರೆದುಕೊಳ್ಳುವ ನನಗೆ ಇದು ಹೊಳೆಯಲು ಇಷ್ಟು ದಿನ ಬೇಕಾಯಿತು ನೋಡಿ.

ಎರಡು ಪದ್ಧತಿಗಳನ್ನು ಪಕ್ಕಪಕ್ಕ ಇಟ್ಟಾಗ ಇನ್ನೊಂದು ಸಂಗತಿ ಕಂಡಿತು. ಮೆಕ್ರೇ ಮತ್ತು ಕೋಸ್ಟಾ ಎಂಬ ಸಂಶೋಧಕರು ಇದನ್ನು 1989ರಲ್ಲೇ ತೋರಿಸಿದ್ದರಂತೆ. 16 ಬಗೆಯದರ ನಾಲ್ಕು ಅಕ್ಷರ ಜೋಡಿಗಳು ಐದು ಗುಣಗಳಲ್ಲಿ ನಾಲ್ಕರ ಜೊತೆ ಹೆಚ್ಚುಕಡಿಮೆ ಹೊಂದುತ್ತವೆ. ಬೆರೆಯುವುದು, ಹೊಸದಕ್ಕೆ ಮನಸ್ಸು ತೆರೆಯುವುದು, ಹೊಂದಿಕೊಳ್ಳುವುದು, ಅಚ್ಚುಕಟ್ಟು. ಐದನೆಯದಕ್ಕೆ ಅಲ್ಲಿ ಜಾಗವಿಲ್ಲ. ಅದು ಆತಂಕ. ಬೇಗ ಗಾಬರಿಯಾಗುವುದು, ಮನಸ್ಸು ಕುಸಿಯುವುದು, ಸಣ್ಣದಕ್ಕೂ ನಿದ್ದೆ ಕೆಡುವುದು. ನಾಲ್ಕು ಹಕ್ಕಿಗಳಲ್ಲೂ ಅದಕ್ಕೆ ಹಕ್ಕಿಯಿಲ್ಲ. ಯಾರಿಗೂ ಬೇಜಾರಾಗದ ಗುಣಗಳನ್ನು ಮಾತ್ರ ಹಂಚಿದರೆ ಟೆಸ್ಟ್ ಎಲ್ಲರಿಗೂ ಇಷ್ಟವಾಗುತ್ತದೆ, ಅಲ್ವಾ?

ಇಷ್ಟವಾಗುವುದರ ಬಗ್ಗೆಯೂ ಒಂದು ಆಟ ಆಡಿದೆ. ಬರ್ಟ್ರಮ್ ಫೋರರ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞರು 1948ರಲ್ಲಿ 39 ವಿದ್ಯಾರ್ಥಿಗಳಿಗೆ ಟೆಸ್ಟ್ ಕೊಟ್ಟು, ಫಲಿತಾಂಶ ಅಂತ ಎಲ್ಲರಿಗೂ ಒಂದೇ ಬರಹ ಹಂಚಿದ್ದರು. ಎಷ್ಟು ಸರಿಯಿದೆ ಅಂತ ಕೇಳಿದರೆ 5ಕ್ಕೆ ಸರಾಸರಿ 4.26 ಬಂತು. ನಾನೂ ನಮ್ಮ ತಂಡದ ಹನ್ನೊಂದು ಜನಕ್ಕೆ ಒಂದೇ ಪ್ಯಾರಾ ಬರೆದೆ. "ನೀವು ಹೊರಗೆ ಗಟ್ಟಿ, ಒಳಗೆ ಮೆದು. ನಿಮ್ಮ ಶ್ರಮಕ್ಕೆ ತಕ್ಕ ಬೆಲೆ ಸಿಕ್ಕಿಲ್ಲ. ನಂಬಿದವರೇ ಒಮ್ಮೆ ಕೈ ಕೊಟ್ಟಿದ್ದಾರೆ." ಮೇಲೆ ಬೇರೆ ಬೇರೆ ಹಕ್ಕಿಯ ಹೆಸರು ಹಾಕಿ ಲಕೋಟೆಯಲ್ಲಿ ಕೊಟ್ಟೆ. ಒಂಬತ್ತು ಜನ 4 ಅಥವಾ 5 ಕೊಟ್ಟರು. ಆಮೇಲೆ ಲಕೋಟೆಗಳನ್ನು ಅದಲುಬದಲು ಮಾಡಿ ಓದಿಸಿದಾಗ ಬಿದ್ದ ನಗು! "ಇದು ಗಿಣಿಶಾಸ್ತ್ರ ಅಲ್ವಾ ಮೇಡಂ" ಅಂತ ನಮ್ಮ ಡ್ರೈವರ್ ಅಂದರು. ನೂರಕ್ಕೆ ನೂರು ಸರಿ. ಪಂಜರದಿಂದ ಗಿಣಿ ಬಂದು ಚೀಟಿ ಎತ್ತುತ್ತಿತ್ತು, ಶಾಸ್ತ್ರದವನು ಓದುತ್ತಿದ್ದ, ಕೇಳುವವರಿಗೆ ತಮ್ಮ ಕತೆಯೇ ಅನ್ನಿಸುತ್ತಿತ್ತು. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ನಮ್ಮ ಗಿಣಿಗಳನ್ನು ಪಂಜರದಲ್ಲಿಡುವಂತಿಲ್ಲ. ಗಿಣಿ ಹೋಯಿತು, ಚೀಟಿ ಮೊಬೈಲಿಗೆ ಬಂತು.

ಐದು ಗುಣದ ಟೆಸ್ಟನ್ನು ನಮ್ಮ ತಂಡಕ್ಕೆ ಅಂತ ಕನ್ನಡಕ್ಕೆ ತರುವುದೇ ದೊಡ್ಡ ಕೆಲಸವಾಯಿತು. ಹನ್ನೊಂದು ಜನರಲ್ಲಿ ನಾಲ್ವರಿಗೆ ಇಂಗ್ಲಿಷ್ ಹಾಳೆ ಕಷ್ಟ. ಮೊದಲ ಪ್ರಶ್ನೆಯಲ್ಲೇ ಎಡವಿದೆ. ಪಾರ್ಟಿಗೆ ಕಳೆ ತರುವವರು ನೀವೇನಾ ಅನ್ನುವ ಅರ್ಥದ ವಾಕ್ಯ ಅದು. ಡ್ರೈವರ್ ಗಂಭೀರವಾಗಿ 1 ಹಾಕಿದರು. "ನಾನು ಗುಂಡು ಪಾರ್ಟಿಗೆಲ್ಲ ಹೋಗಲ್ಲ." ಊರಲ್ಲಿ ಮದುವೆ ಮನೆಗೆ ಅವರು ಕಾಲಿಟ್ಟರೆ ಅಡುಗೆ ಭಟ್ಟರಿಂದ ಹಿಡಿದು ಬೀಗರವರೆಗೆ ಎಲ್ಲರನ್ನೂ ಮಾತಾಡಿಸುವ ಮನುಷ್ಯ! ಆ ವಾಕ್ಯವನ್ನು "ಮದುವೆ ಮನೆಯಲ್ಲಿ ನಾನಿದ್ದರೆ ಕಳೆ" ಅಂತ ಬದಲಿಸಿದೆ. ಥಟ್ಟನೆ 5 ಬಂತು. ಹೀಗೆ ಬದಲಿಸಿದರೆ ಅಂಕವನ್ನು ಬೇರೆ ದೇಶದವರ ಅಂಕದ ಜೊತೆ ಹೋಲಿಸುವಂತಿಲ್ಲ. ನನಗೆ ಬೇಕಾಗಿದ್ದೂ ಅದಲ್ಲ.

ಆಮೇಲೆ ಟ್ರೇನರ್‌ನ ನಾಲ್ಕರ ಬದಲು ನಮ್ಮದೇ ಹಕ್ಕಿಗಳು. ಒಂದು ನಿಯಮ ಹಾಕಿಕೊಂಡೆ: ಕೆರೆ ಸುತ್ತ ಇಲ್ಲವೇ ಮನೆ ಸುತ್ತ ನಾನೇ ನೋಡಿದ ಹಕ್ಕಿ ಮಾತ್ರ. ಅದು ಏನು ಮಾಡುತ್ತದೆ ಅನ್ನುವುದನ್ನು ಬರೆಯಬೇಕು, ಅದರ ಹೆಸರಿಗೆ ಅಂಟಿದ ಕತೆಯನ್ನಲ್ಲ. ಹರಟೆಮಲ್ಲ ಏಳೆಂಟರ ಗುಂಪಿನಲ್ಲೇ ಓಡಾಡುತ್ತದೆ. ಒಂದು ಮೇಲೆ ಕೂತು ಕಾವಲು ಕಾಯುತ್ತದೆ, ಉಳಿದವು ನೆಲದಲ್ಲಿ ಎಲೆ ಕೆದಕುತ್ತವೆ. ಒಂದರ ಮರಿಗೆ ಗುಂಪೇ ಗುಟುಕು ಕೊಡುತ್ತದೆ. ಕಾಜಾಣ ಕಾಗೆಗಿಂತ ಚಿಕ್ಕದಾದರೂ ಗೂಡಿನ ಹತ್ತಿರ ಬಂದ ಕಾಗೆ, ಹದ್ದುಗಳನ್ನು ಅಟ್ಟಿಸಿಕೊಂಡು ಹೋಗುತ್ತದೆ. ಇದರ ಧೈರ್ಯ ನೋಡಿ ಸಣ್ಣ ಹಕ್ಕಿಗಳು ಅದೇ ಮರದಲ್ಲಿ ಗೂಡು ಕಟ್ಟುತ್ತವೆ. ಗೀಜಗದ ಗಂಡು ಅರ್ಧ ಗೂಡು ನೇಯ್ದು ಹೆಣ್ಣನ್ನು ಕರೆಯುತ್ತದೆ. ಅವಳು ಒಳಗೆ ಹೊಕ್ಕು, ಎಳೆದು ನೋಡಿ, ಒಪ್ಪಿದರೆ ಮಾತ್ರ ಮುಂದಿನ ಕೆಲಸ. ನಮ್ಮ ಡಿಸೈನ್ ಹುಡುಗಿ ಇದನ್ನು ಕೇಳಿ "ಕ್ಲೈಂಟ್!" ಅಂತ ಕೂಗಿದಳು.

ಎಲ್ಲರಿಗೂ ಬೇಕಾಗಿದ್ದು ಕೋಗಿಲೆ. ದನಿ ಇಂಪು ನೋಡಿ. ಕಾಗೆ ಗೂಡಿನಲ್ಲಿ ಮೊಟ್ಟೆಯಿಟ್ಟು ಹೋಗುವ ವಿಷಯ ಹೇಳಿದೆ. ತನ್ನ ಕೆಲಸವನ್ನು ಬೇರೆಯವರ ಟೇಬಲ್ ಮೇಲೆ ಬಿಟ್ಟು ಹೋಗುವವರು ನಮ್ಮಲ್ಲಿ ಯಾರು ಅಂತ ಯಾರೂ ಕೇಳಲಿಲ್ಲ, ಆದರೆ ಹತ್ತು ಜೊತೆ ಕಣ್ಣುಗಳು ಒಂದೇ ಕಡೆ ತಿರುಗಿದವು. ಅವತ್ತೇ ಕೋಗಿಲೆಯನ್ನು ಪಟ್ಟಿಯಿಂದ ತೆಗೆದೆ.

ನನ್ನಿಂದ ಒಂದು ತಪ್ಪೂ ಆಯಿತು. ಹೊಸದಾಗಿ ಸೇರಿದ ಹುಡುಗನೊಬ್ಬ ಮಾತು ಕಡಿಮೆ, ಮೂಲೆ ಸೀಟು, ಕೆಲಸ ಮಾತ್ರ ಸದ್ದಿಲ್ಲದೆ ಮುಗಿಸುತ್ತಾನೆ. ಪೊದೆಯೊಳಗೇ ನಡೆದಾಡುತ್ತಾ ಹುಳು, ಬಸವನಹುಳು ಹೆಕ್ಕುವ ಕೆಂಬೂತ ನೆನಪಾಯಿತು. ನನಗೆ ತುಂಬ ಇಷ್ಟದ ಹಕ್ಕಿ, ಪ್ರೀತಿಯಿಂದಲೇ ಕೊಟ್ಟೆ. ಮಧ್ಯಾಹ್ನ ಊಟದ ಹೊತ್ತಿಗೆ ಯಾರೋ ಶುರು ಮಾಡಿದರು: ನವಿಲು ಕುಣೀತು ಅಂತ ಕೆಂಬೂತ ಪುಕ್ಕ ತೆರೀತು. ವಾರವಿಡೀ ಅವನನ್ನು ಗೋಳುಹೊಯ್ದುಕೊಂಡರು. ಟ್ರೇನರ್‌ನ ಗೂಬೆಗೂ ನನ್ನ ಕೆಂಬೂತಕ್ಕೂ ಏನು ವ್ಯತ್ಯಾಸ? ಹುಡುಗನನ್ನು ಕರೆದು ಕ್ಷಮೆ ಕೇಳಿದೆ. ಹಾಳೆಯನ್ನು ಹರಿದು ಹೊಸದಾಗಿ ಮಾಡಿದೆ.

ಹೊಸ ಹಾಳೆಯಲ್ಲಿ ಯಾರಿಗೂ ಯಾರೂ ಹಕ್ಕಿ ಕೊಡುವಂತಿಲ್ಲ. ಎಡಕ್ಕೆ ಐದು ಸಂದರ್ಭ: ಸೋಮವಾರದ ಮೀಟಿಂಗ್, ಗಡುವಿನ ಹಿಂದಿನ ದಿನ, ಹೊಸಬರು ಸೇರಿದಾಗ, ಬೈಸಿಕೊಂಡಾಗ, ಮನೆಯಲ್ಲಿ ಭಾನುವಾರ. ಬಲಕ್ಕೆ ಖಾಲಿ ಜಾಗ. ಹಕ್ಕಿಗಳ ಚಿತ್ರ, ಅವು ಮಾಡುವ ಕೆಲಸ ಇರುವ ಇನ್ನೊಂದು ಹಾಳೆ ಪಕ್ಕದಲ್ಲಿ. ಆಯಾ ಹೊತ್ತಿಗೆ ನಾನು ಯಾವ ಹಕ್ಕಿ ಅಂತ ಅವರವರೇ ಬರೆದುಕೊಳ್ಳಬೇಕು. ಐದು ಗುಣದ ಅಂಕಗಳನ್ನು ಅವರವರೇ ಇಟ್ಟುಕೊಳ್ಳಬೇಕು, ನನಗೂ ತೋರಿಸಬೇಕಿಲ್ಲ.

ಇದನ್ನು ನೋಡಿ ನಮ್ಮ ತಮಿಳು ಸಹೋದ್ಯೋಗಿಯೊಬ್ಬರು ಪಂಚಪಕ್ಷಿ ಶಾಸ್ತ್ರದ ಮಾತೆತ್ತಿದರು. ಹುಟ್ಟಿದ ನಕ್ಷತ್ರ, ಪಕ್ಷ ನೋಡಿ ರಣಹದ್ದು, ಗೂಬೆ, ಕಾಗೆ, ಕೋಳಿ, ನವಿಲು ಇವುಗಳಲ್ಲೊಂದನ್ನು ಕೊಡುತ್ತಾರೆ. ನನಗೆ ಜ್ಯೋತಿಷ್ಯದಲ್ಲಿ ನಂಬಿಕೆಯಿಲ್ಲ. ಆದರೆ ಅದರ ಒಂದು ಲೆಕ್ಕ ಹಿಡಿಸಿತು. ಅಲ್ಲಿ ಹಕ್ಕಿ ಇಡೀ ದಿನ ಒಂದೇ ಥರ ಇರುವುದಿಲ್ಲ. ಊಟ, ನಡಿಗೆ, ಅರಸುತನ, ನಿದ್ದೆ, ಸಾವು ಅಂತ ಹೊತ್ತು ಹೊತ್ತಿಗೆ ಬದಲಾಗುತ್ತಾ ಹೋಗುತ್ತದೆ. ನಾಲ್ಕು ಹಕ್ಕಿಯ ಟೆಸ್ಟಿಗೆ ಇಷ್ಟೂ ಹೊಳೆದಿರಲಿಲ್ಲ.

ಅಕೌಂಟ್ಸ್‌ನವರು ಮೊದಲು ಹಾಳೆ ಮುಟ್ಟಲಿಲ್ಲ. ಮೂರನೇ ದಿನ ಟೀ ಹೊತ್ತಿನಲ್ಲಿ ಬಂದು, "ಆ ರಾತ್ರಿ ಹೊತ್ತು ಕೂಗ್ತದಲ್ಲ ಹೊಲದಲ್ಲಿ, ಅದರ ಬಗ್ಗೆ ಹೇಳಿ" ಅಂದರು. ಟಿಟ್ಟಿಭ. ಐದನೇ ಗುಣಕ್ಕೆ ಅಂತ ನಾನು ಸೇರಿಸಿದ್ದ ಹಕ್ಕಿ. ಬಯಲು ನೆಲದಲ್ಲಿ ಕಲ್ಲುಗಳ ನಡುವೆ ಮೊಟ್ಟೆಯಿಡುತ್ತದೆ. ಮರವಿಲ್ಲ, ಮರೆಯಿಲ್ಲ, ಸುಮ್ನೆ ನಾಲ್ಕು ಬೆಣಚುಕಲ್ಲು ಅಷ್ಟೇ. ಹಾಗಾಗಿ ನಾಯಿ ಬರಲಿ, ಮನುಷ್ಯ ಬರಲಿ, ದೂರದಿಂದಲೇ ಕೂಗು ಶುರು. ತಲೆ ಮೇಲೆ ಹಾರಿ ಹಾರಿ ಬೆದರಿಸುತ್ತದೆ. ನಮಗೆ ಗಲಾಟೆ ಅನ್ನಿಸುತ್ತದೆ, ಆದರೆ ಆ ಕೂಗು ಕೇಳಿ ಕೆರೆಯ ಉಳಿದ ಹಕ್ಕಿಗಳೂ ಎಚ್ಚರವಾಗುತ್ತವೆ. ನಾನು ಎಷ್ಟೋ ಸಲ ಹಾವು, ಮುಂಗುಸಿ ನೋಡಿದ್ದು ಟಿಟ್ಟಿಭ ಕೂಗಿದ ದಿಕ್ಕಿಗೆ ತಿರುಗಿದ್ದರಿಂದ.

ಅವರು ಟೀ ಮುಗಿಸಿ, ಏನೂ ಹೇಳದೆ ಹಾಳೆ ಮಡಚಿ ಜೇಬಿಗಿಟ್ಟುಕೊಂಡರು.

ಮಾರ್ಚ್ ಕೊನೇ ವಾರ ಅವರ ಬಾಗಿಲ ಮೇಲೆ ಒಂದು ಚೀಟಿ ಅಂಟಿತ್ತು. "ಟಿಟ್ಟಿಭ ಮೊಟ್ಟೆ ಇಟ್ಟಿದೆ. ಬಿಲ್ ಇಲ್ಲದೆ ಏಪ್ರಿಲ್ 1ರವರೆಗೆ ಯಾರೂ ಹತ್ತಿರ ಬರಬೇಡಿ."